ಕೊಟ್ಟಿಗೆಯ ಕತ್ತಲನ್ನು ಮೊದಲು ಬರೆದೆ

ಮೊದಲು ತಿಳಿ ಬಣ್ಣ, ಆಮೇಲೆ ಗಾಢ ಬಣ್ಣ. ಜಲವರ್ಣಕ್ಕೆ ಕೈ ಹಾಕಿದವರೆಲ್ಲ ಮೊದಲ ದಿನವೇ ಕಲಿಯುವ ಪಾಠವಿದು. ದನದ ಕೊಟ್ಟಿಗೆ ಬರೆಯುವಾಗ ನಾನು ಇದನ್ನು ತಲೆಕೆಳಗು ಮಾಡಿದೆ. ಭಾನುವಾರ ಗದಗಿನಿಂದ ಸ್ಪಾಟ್ ಪೇಂಟಿಂಗಿಗೆ, ಅಂದರೆ ಸ್ಥಳದಲ್ಲೇ ಕೂತು ಚಿತ್ರ ಬರೆಯಲು, ಹೊರಡುವ ನಾವು ಆರೇಳು ಜನರಿದ್ದೇವೆ. ಅವರಲ್ಲಿ ಹಿರಿಯರೊಬ್ಬರು, "ಕೆಸರೇ ಬೇಕಿದ್ದರೆ ಕೆರೆಗೆ ಹೋಗಿರಿ ಸರ್, ಹಾಳೆ ಯಾಕೆ ಕೆಡಿಸುತ್ತೀರಿ?" ಎಂದಿದ್ದರು. ಮೂರು ಬೇಸಿಗೆ ಅವರ ಮಾತೇ ನಿಜವಾಯಿತು. ನಾಲ್ಕನೆಯ ಬೇಸಿಗೆಯಲ್ಲಿ ಅವರೇ ಬಂದು ನನ್ನ ಪ್ಯಾಲೆಟ್ಟನ್ನು ಇಣುಕಿ ನೋಡಿದರು.

ಡಂಬಳದ ಆಚೆಗಿನ ಊರುಗಳಲ್ಲಿ ಮೇಲ್ಮುದ್ದೆಯ, ಅಂದರೆ ಮಣ್ಣಿನ ಚಾವಣಿಯ, ಹಳೆಯ ಕೊಟ್ಟಿಗೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಬಾಗಿಲೊಳಗೆ ಗವಿಯಂಥ ಕತ್ತಲು. ಆ ಬಿಸಿಲಿನಲ್ಲಿ ಬಿಳಿ ಹಾಳೆ ಎಷ್ಟು ಹೊಳೆಯುತ್ತದೆಂದರೆ, ಗೋಡೆಗೆ ಹಾಕಿದ ಯಾವ ಬಣ್ಣವೂ ಸಾಲದೆನಿಸಿ ಮತ್ತೆ ಮತ್ತೆ ಬಳಿಯುತ್ತೇವೆ. ಮನೆಗೆ ತಂದು ನೋಡಿದರೆ ಮೋಡ ಕವಿದ ದಿನ ಬರೆದಂತಿರುತ್ತದೆ. ಬಾಗಿಲ ಕತ್ತಲನ್ನು ಮೊದಲೇ ಇಟ್ಟುಬಿಟ್ಟರೆ ಗೋಡೆ ಎಷ್ಟು ತಿಳಿಯಾಗಿರಬೇಕೆಂದು ಅದೇ ಹೇಳುತ್ತದೆ. ಯೋಚನೆ ಸರಿಯಾಗಿಯೇ ಇತ್ತು, ಕೆಟ್ಟದ್ದು ಬಣ್ಣ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ ಕತ್ತಲು ಒಣಗಿದ ಮೇಲೂ, ಗೋಡೆಯ ವಾಶ್ (ನೀರಾದ ತೆಳು ಬಣ್ಣ) ತಾಗಿದ ಕೂಡಲೇ ಕರಗಿ ಹರಿಯಿತು. ಕಾಗದಕ್ಕೆ ಕಚ್ಚಿಕೊಳ್ಳುವ ನೀಲಿ ಬೇಕೆಂದು ಹೊಳೆಯಲು ಎರಡು ವರ್ಷ ಬೇಕಾಯಿತು. ಈಗ ಥ್ಯಾಲೋ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಬಳಸುತ್ತೇನೆ. ಅದರ ಹಸಿರು ಛಾಯೆ ಕೊಲ್ಲಲು ಮೂರನೆಯ ಬಣ್ಣವೊಂದು ಬೀಳುತ್ತದೆ. ಅದು ಯಾವುದೆಂದು ಆ ಹಿರಿಯರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಎರಡನೆಯ ಶತ್ರು ಒಣ ಗಾಳಿ. ಏಪ್ರಿಲ್‌ನಲ್ಲಿ ಕುಂಚ ಎತ್ತುವಷ್ಟರಲ್ಲಿ ವಾಶ್ ಒಣಗಿ ಅಂಚು ಕಟ್ಟುತ್ತದೆ. ಹಾಳೆಯ ಹಿಂಬದಿಯನ್ನೂ ನೆನೆಸಿ ಅಕ್ರಿಲಿಕ್ ಹಲಗೆಯ ಮೇಲೆ ಅಂಟಿಸಿದೆ. ಹತ್ತು ಹದಿನೈದು ನಿಮಿಷ ಹಸಿ ಉಳಿಯಿತು. ಇದು ಹತ್ತಿಯ ಕಾಗದದಲ್ಲೇ ಚೆನ್ನಾಗಿ ನಡೆಯುತ್ತದೆ, ಮಾಮೂಲಿ ಡ್ರಾಯಿಂಗಿನ ಕಾರ್ಟ್ರಿಡ್ಜ್ ಶೀಟು ಹಪ್ಪಳವಾಗುತ್ತದೆ. ಹತ್ತಿಯ ಹಾಳೆ ಒಂದಕ್ಕೆ ಆಗ ಏಳೆಂಟು ನೂರು ರೂಪಾಯಿ. ನಾಲ್ಕು ತುಂಡು ಮಾಡಿಕೊಂಡರೂ ಮೂರು ಬೇಸಿಗೆಯಲ್ಲಿ ಹದಿನೈದು ಸಾವಿರದ ಹತ್ತಿರ ನೀರುಪಾಲಾಯಿತು. ಮನೆಯಲ್ಲಿ ಆರೆಂದು ಹೇಳಿದ್ದೇನೆ. ಬೆಳಕಿಂಡಿಯ ಬಿಳುಪು ಉಳಿಸಲು ತಂದ, ಬಳಿದು ಆಮೇಲೆ ರಬ್ಬರಿನಂತೆ ಕೀಳುವ ಮಾಸ್ಕಿಂಗ್ ಫ್ಲೂಯಿಡ್ ಬಿಸಿಲಿಗೆ ಗಟ್ಟಿಯಾಗಿ, ಕೀಳುವಾಗ ಕಾಗದದ ಚರ್ಮವನ್ನೂ ಕಿತ್ತುಕೊಂಡು ಬಂತು. ಈಗ ಬಿಳುಪನ್ನು ಬಿಟ್ಟೇ ಬರೆಯುತ್ತೇನೆ.

ಸರಿಯಾಗಿ ಬಂದ ಮೊದಲ ಚಿತ್ರ ಒಬ್ಬ ಅಜ್ಜಿಯ ಕೊಟ್ಟಿಗೆಯದು. ಬಾಗಿಲ ಕತ್ತಲೊಳಗೆ ಗೋದಲಿಯ ಅಂಚೊಂದೇ ಕಾಣುತ್ತಿತ್ತು. ತಲೆಮಾರುಗಳಿಂದ ದನಗಳ ಕುತ್ತಿಗೆ ಉಜ್ಜಿ ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು. ಕತ್ತಲು ಹಸಿ ಇರುವಾಗಲೇ ಒಣ ಕುಂಚದಿಂದ ಒಂದೇ ಎಳೆತಕ್ಕೆ ಅಷ್ಟು ಬಣ್ಣ ಎತ್ತಿದೆ, ಗೋದಲಿ ಮೂಡಿತು. ಥ್ಯಾಲೋ ಒಣಗಿದ ಮೇಲೆ ಎತ್ತಲು ಬಗ್ಗುವುದಿಲ್ಲ, ಆ ಗಳಿಗೆ ತಪ್ಪಿದರೆ ತಪ್ಪಿತು. ಗೋಡೆಯ ಮೇಲೆ ಸಗಣಿ ಸಾರಿಸಿದ ಅಂಗೈಯ ಅರ್ಧಚಂದ್ರಗಳು ಸಾಲಾಗಿದ್ದವು. ಕೂದಲು ಕೆದರಿದ ಹಳೆಯ ಕುಂಚದ ಡ್ರೈ ಬ್ರಶ್‌ನಲ್ಲಿ, ಅಂದರೆ ನೀರು ಕಡಿಮೆಯಾದ ಬಣ್ಣವನ್ನು ಒರಸಿದಂತೆ ಎಳೆದಾಗ, ಅವು ತಾವಾಗಿಯೇ ಬಂದವು. ಅಜ್ಜಿ ನೋಡಿ, "ಬೀಳುವ ಗೋಡೆಯನ್ನು ಯಾಕೆ ಬರೆಯುತ್ತೀ ತಮ್ಮಾ, ಮುಂದಿನ ಓಣಿಯಲ್ಲಿ ನನ್ನ ಮಗನ ಆರ್‌ಸಿಸಿ ಮನೆ ಇದೆಯಲ್ಲ" ಎಂದಳು. ಆ ಚಿತ್ರ ಹುಬ್ಬಳ್ಳಿಯ ಒಬ್ಬರಿಗೆ ನಾಲ್ಕೂವರೆ ಸಾವಿರಕ್ಕೆ ಹೋಯಿತು. ಚೌಕಟ್ಟಿನವನು ಸಾವಿರದ ಮೇಲೆ ಕಿತ್ತುಕೊಂಡ.

ನಡುವೆ ಒಂದು ಹುಚ್ಚು ಹತ್ತಿತು, ಮಣ್ಣಿನ ಗೋಡೆಗೆ ಮಣ್ಣಿನದೇ ಬಣ್ಣ. ಎರೆಮಣ್ಣನ್ನು ನೀರಿನಲ್ಲಿ ಕಲಕಿ, ತಿಳಿಯನ್ನು ಬಸಿದು, ತಳಕ್ಕಿಳಿದ ಮಣ್ಣಿನ ಮೇಲಿನ ನುಣ್ಣನೆಯ ಕೆನೆ ತೆಗೆದು ಅಂಟಿನಲ್ಲಿ ಅರೆದೆ. ಹಾಕಿದಾಗ ಎಂಥ ಕಪ್ಪು! ಮರುದಿನ ಬೇಸಿಗೆಯ ಹೊಲದಂತೆ ಬಿರುಕು ಬಿಟ್ಟು ಹೆಕ್ಕಳಿಕೆ ಎದ್ದಿತ್ತು. ಒಣಗಿದರೆ ಕುಗ್ಗುವುದು ಅದರ ಹುಟ್ಟುಗುಣ, ರೈತನ ಮಗನಾಗಿಯೂ ನನಗೆ ಹೊಳೆಯಲಿಲ್ಲ. ಕಪ್ಪತಗುಡ್ಡದ ಕಡೆಯ ಕೆಮ್ಮಣ್ಣು ಮಾತ್ರ ಕೈ ಹಿಡಿಯಿತು. ಎರಡು ವರ್ಷದಿಂದ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದ ಪಟ್ಟಿ ಇನ್ನೂ ಮಾಸಿಲ್ಲ. ಅಂಗಡಿಯ ಗಮ್ ಅರೇಬಿಕ್ ಬದಲು ಹೊಲದ ಬದುವಿನ ಜಾಲಿಯ ಅಂಟು ಹಾಕಿ ನೋಡಿದೆ, ಕಳೆದ ಮಳೆಗಾಲದಲ್ಲಿ ಡಬ್ಬಿಯ ತುಂಬ ಬೂಷ್ಟು ಬಂತು. ಈ ಸಲ ಲವಂಗದೆಣ್ಣೆ ಎರಡು ಹನಿ ಬಿಟ್ಟು ಮುಚ್ಚಿಟ್ಟಿದ್ದೇನೆ. ದಸರೆಯವರೆಗೆ ಮುಚ್ಚಳ ತೆಗೆಯುವುದಿಲ್ಲ.