ಟೊರಾಂಟೊ ಸುತ್ತಮುತ್ತ ಮೊದಲ ಚಳಿಗಾಲ: ಮನೆಯವರ ಮನಸ್ಸು, ಶಾಲೆಯವರ ಮನಸ್ಸು

ಬೇಸಿಗೆಯಲ್ಲಿ ಊರಿನಿಂದ ಕೆನಡಾಕ್ಕೆ ಬಂದಿಳಿದ ಕುಟುಂಬಗಳು ಮೊದಲ ಚಳಿಗಾಲಕ್ಕೆಂದು ಜಾಕೆಟ್, ಬೂಟು, ಕೈಗವಸುಗಳನ್ನೆಲ್ಲ ತಪ್ಪದೆ ಕೊಳ್ಳುತ್ತವೆ. ಇಲ್ಲಿ ಹಲವು ಚಳಿಗಾಲಗಳನ್ನು ಕಳೆದಿರುವ ನಮ್ಮ ಸಂಘದವರಿಗೆ ಅನ್ನಿಸುವುದೇನೆಂದರೆ, ಹೊಸಬರನ್ನು ಚಳಿಗಿಂತ ಹೆಚ್ಚು ಕಂಗೆಡಿಸುವುದು ಕತ್ತಲೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಹೆಚ್ಚಿರುತ್ತದೆ. ಟೊರಾಂಟೊದಲ್ಲಿ ಡಿಸೆಂಬರ್ 21ರ ಸುಮಾರಿಗೆ ಅದು 9 ಗಂಟೆಯನ್ನೂ ಮುಟ್ಟುವುದಿಲ್ಲ. ನವೆಂಬರ್ ತಿಂಗಳ ಮೊದಲ ಭಾನುವಾರ, ಅಂದರೆ ಹೆಚ್ಚುಕಡಿಮೆ ನಮ್ಮ ರಾಜ್ಯೋತ್ಸವದ ವಾರದಲ್ಲೇ, ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಸಂಜೆ ಐದಕ್ಕೆಲ್ಲ ಕತ್ತಲು ಕವಿಯತೊಡಗುತ್ತದೆ.

ಡಿಸೆಂಬರ್ ಮುಗಿಯುವ ಹೊತ್ತಿಗೆ ಹಲವರಿಗೆ ಬೆಳಗ್ಗೆ ಏಳಲು ಮೈ ಭಾರವಾಗುತ್ತದೆ, ಹಗಲೆಲ್ಲ ನಿದ್ದೆ ಎಳೆಯುತ್ತದೆ, ಅನ್ನ ಮತ್ತು ಸಿಹಿಯ ಬಯಕೆ ಹೆಚ್ಚುತ್ತದೆ, ಊರಿಗೆ ಫೋನ್ ಮಾಡಲೂ ಮನಸ್ಸಾಗುವುದಿಲ್ಲ. ಮನೆಯವರು ಇದನ್ನು ಸೋಮಾರಿತನವೆಂದು ಗದರುವುದೂ, ಊರಿನ ನೆನಪೆಂದು ತಳ್ಳಿಹಾಕುವುದೂ ಉಂಟು. ಜೋಹಾನ್ಸ್‌ಬರ್ಗ್‌ನಿಂದ ನ್ಯೂಯಾರ್ಕ್‌ಗೆ ಬಂದ ನಾರ್ಮನ್ ರೋಸೆಂಥಾಲ್ ಎಂಬ ವೈದ್ಯರು ಚಳಿಗಾಲದಲ್ಲಿ ತಮ್ಮ ಚೈತನ್ಯವೇ ಕುಗ್ಗುವುದನ್ನು ಗಮನಿಸಿದ್ದರು; ಮುಂದೆ 1984ರಲ್ಲಿ ಅವರೂ ಅವರ ಸಂಗಡಿಗರೂ ಋತುಮಾನದ ಖಿನ್ನತೆಯನ್ನು ವೈದ್ಯಕೀಯವಾಗಿ ವಿವರಿಸಿದರು. ಬಿಸಿಲಿನ ನಾಡಿನಿಂದ ಬಂದ ಒಬ್ಬ ವಲಸಿಗರೇ ಇದನ್ನು ಗುರುತಿಸಿದರೆಂಬುದು ನಮಗೆ ಧೈರ್ಯ ಕೊಡುವ ಸಂಗತಿ.

ಬೆಳಕಿನ ವ್ಯವಸ್ಥೆಯನ್ನು ಅಡುಗೆಯ ವ್ಯವಸ್ಥೆಯಷ್ಟೇ ನಿಯಮದಿಂದ ಮಾಡಿಕೊಳ್ಳಬೇಕೆಂದು ನಮ್ಮ ಸಲಹೆ. ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ನೇರವಾಗಿ ಮನೆಗೆ ಬರದೆ, ಮೋಡವಿದ್ದರೂ ಸರಿ, ಇಪ್ಪತ್ತು ನಿಮಿಷ ಹೊರಗೆ ನಡೆಯಿರಿ. ಮೋಡದ ಹಗಲಿನ ಬೆಳಕೂ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಪ್ರಖರವಾಗಿರುತ್ತದೆ. ಅದು ಸಾಲದವರು 10,000 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಸಾಮರ್ಥ್ಯದ ಬೆಳಕಿನ ದೀಪವನ್ನು ಬೆಳಗಿನ ಹೊತ್ತು ಅರ್ಧ ಗಂಟೆ ಎದುರಿಗಿಟ್ಟುಕೊಳ್ಳಬಹುದು. ಅದನ್ನು ನೇರವಾಗಿ ದಿಟ್ಟಿಸಬಾರದು, ಮತ್ತು ಕಣ್ಣಿನ ಕಾಯಿಲೆ ಅಥವಾ ಬೈಪೋಲಾರ್ ತೊಂದರೆ (ಉನ್ಮಾದ, ಖಿನ್ನತೆ ಎರಡೂ ಸರದಿಯಲ್ಲಿ ಬರುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಇಲ್ಲಿಯ ಚಳಿಗಾಲದ ಬಿಸಿಲಿನಿಂದ ಚರ್ಮಕ್ಕೆ ವಿಟಮಿನ್ ಡಿ ಸಿಗುವುದು ಅತ್ಯಲ್ಪ, ನಮ್ಮ ಕಂದು ಮೈಬಣ್ಣಕ್ಕಂತೂ ಇನ್ನೂ ಕಡಿಮೆ. ವಿಟಮಿನ್ ಡಿ ಮಾತ್ರೆ ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರನ್ನೋ ಔಷಧದಂಗಡಿಯ ಫಾರ್ಮಸಿಸ್ಟರನ್ನೋ ಕೇಳಿ.

ಸೂಪರ್ ವೀಸಾದಲ್ಲಿ (ಮಕ್ಕಳ, ಮೊಮ್ಮಕ್ಕಳ ಜೊತೆ ದೀರ್ಘಕಾಲ ಇರಲು ಹಿರಿಯರಿಗೆ ಕೊಡುವ ವೀಸಾ) ಬಂದಿರುವವರ ಬಗ್ಗೆ ವಿಶೇಷ ಕಾಳಜಿ ಬೇಕು. ಊರಿನಲ್ಲಿ ಬಾಗಿಲು ತೆರೆದರೆ ನಾಲ್ಕು ಜನ ಮಾತನಾಡಿಸುತ್ತಿದ್ದವರು ಇಲ್ಲಿ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಕಿಟಕಿಯ ಹಿಮವನ್ನೇ ನೋಡುತ್ತ ಕೂತಿರುತ್ತಾರೆ. ಈ ಸಾಲುಗಳನ್ನು ಬರೆಯುತ್ತಿರುವವರ ಅತ್ತೆಯವರು ಮೊದಲ ಚಳಿಗಾಲದಲ್ಲಿ ಎರಡು ತಿಂಗಳು ಹೊಸ್ತಿಲು ದಾಟಲಿಲ್ಲ. ಮನೆಯಲ್ಲಿ ನಮಗೆ ಅದು ಅರಿವಾದಾಗ ಫೆಬ್ರವರಿಯಾಗಿತ್ತು. ಶಾಲೆಗೆ ಸೇರದ ಮೊಮ್ಮಕ್ಕಳಿದ್ದರೆ ಅಜ್ಜಿ–ತಾತಂದಿರು ಅವರನ್ನು ಪುಟ್ಟ ಮಕ್ಕಳು ಮನೆಯ ದೊಡ್ಡವರೊಂದಿಗೆ ಬಂದು ಆಡಿ ಕಲಿಯುವ ಹತ್ತಿರದ ಅರ್ಲಿಆನ್ ಕೇಂದ್ರಕ್ಕೆ ಕರೆದೊಯ್ಯಬಹುದು, ಅಲ್ಲಿ ಶುಲ್ಕವಿಲ್ಲ. ಸಾರ್ವಜನಿಕ ಗ್ರಂಥಾಲಯಗಳೂ ಬೆಚ್ಚಗಿರುತ್ತವೆ, ಯಾರನ್ನೂ ಏಳಿಸಿ ಕಳಿಸುವುದಿಲ್ಲ.

ಶಾಲೆಯ ವಿಷಯಕ್ಕೆ ಬಂದರೆ, ಶಿಕ್ಷಕರೂ ಸಿಬ್ಬಂದಿಯೂ ಇದೇ ಕತ್ತಲೆಯನ್ನು ದಾಟುತ್ತಿರುವವರೆಂಬುದನ್ನು ನಾವು ಮರೆಯುತ್ತೇವೆ. ಕಿಂಡರ್‌ಗಾರ್ಟನ್‌ನಲ್ಲಿ ಒಬ್ಬ ಶಿಕ್ಷಕರು ಮತ್ತು ಒಬ್ಬ ಶಿಶುಪಾಲಕಿ ಸೇರಿ ಇಪ್ಪತ್ತೈದರ ಆಸುಪಾಸು ಮಕ್ಕಳಿಗೆ ಪ್ರತಿ ಬಿಡುವಿನ ವೇಳೆಗೂ ಸ್ನೋ ಪ್ಯಾಂಟ್, ಬೂಟು, ಜಾಕೆಟ್, ಟೋಪಿ, ಕೈಗವಸು ಹಾಕಿಸಬೇಕು, ಮತ್ತೆ ಬಿಚ್ಚಿಸಬೇಕು. ನಮ್ಮ ಮಕ್ಕಳಿಗೆ ಇದು ಎಂದೂ ಮಾಡಿ ಗೊತ್ತಿಲ್ಲದ ಕೆಲಸ. ಆದ್ದರಿಂದ ಹಿಮ ಬೀಳುವ ಮೊದಲೇ ಒಂದು ವಾರ ಮನೆಯಲ್ಲಿ ಅಭ್ಯಾಸ ಮಾಡಿಸಿ: ಮೊದಲು ಸ್ನೋ ಪ್ಯಾಂಟ್, ಆಮೇಲೆ ಬೂಟು, ಆಮೇಲೆ ಜಾಕೆಟ್, ಕೊನೆಗೆ ಕೈಗವಸು. ಕೈಗವಸು ಮೊದಲು ಹಾಕಿದರೆ ಜಿಪ್ ಎಳೆಯಲಾಗದು. ಪ್ರತಿಯೊಂದರ ಮೇಲೂ ಹೆಸರು ಬರೆದು, ಒದ್ದೆಯಾದರೆ ಬೇಕೆಂದು ಇನ್ನೊಂದು ಜೊತೆ ಕೈಗವಸನ್ನು ಚೀಲದಲ್ಲಿಡಿ. ಇಷ್ಟರಿಂದಲೇ ತರಗತಿಯ ದೊಡ್ಡವರ ದಿನ ಎಷ್ಟು ಹಗುರಾಗುತ್ತದೆಂಬುದನ್ನು ಶಾಲೆಗಳಲ್ಲಿ ಊಟದ ವೇಳೆಯ ಮೇಲ್ವಿಚಾರಣೆಗೆ ಹೋಗುವ ನಮ್ಮ ಸಂಘದ ಮಹಿಳೆಯರೇ ಹೇಳುತ್ತಾರೆ.

ಚಳಿ ತೀರಾ ಹೆಚ್ಚಾದ ದಿನ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಆ ಸಂಜೆ ಮಕ್ಕಳೂ ಚಡಪಡಿಸುತ್ತಾರೆ, ಶಿಕ್ಷಕರೂ ದಣಿದಿರುತ್ತಾರೆ. ತುರ್ತಲ್ಲದ ದೂರನ್ನು ಮರುದಿನ ಬರೆದರೆ ಸಾಕು. ಮಗುವಿಗೆ ಸಹಾಯ ಮಾಡಿದವರಿಗೆ ಎರಡು ಸಾಲಿನ ಕೃತಜ್ಞತೆಯನ್ನು ಮಾತ್ರ ಅದೇ ದಿನ ಬರೆಯಿರಿ. ಸಂಕ್ರಾಂತಿ ಬರುವುದು ಕೊರೆಯುವ ಜನವರಿಯಲ್ಲಿ, ಶಾಲೆಯವರೊಂದಿಗೂ ಹಬ್ಬ ಹಂಚಿಕೊಳ್ಳಬೇಕೆಂಬ ಆಸೆ ಸಹಜ. ಆದರೆ ಎಳ್ಳು–ಬೆಲ್ಲವನ್ನು ಶಾಲೆಗೆ ಕಳಿಸಬೇಡಿ: ಕಡಲೆಕಾಯಿ, ಎಳ್ಳು ಎರಡೂ ಪ್ರಾಣಕ್ಕೇ ಅಪಾಯ ತರಬಲ್ಲ ಅಲರ್ಜಿಯ ಪದಾರ್ಥಗಳು, ಮತ್ತು 2006ರಿಂದ ಜಾರಿಯಲ್ಲಿರುವ ಸಬ್ರಿನಾ ಕಾಯ್ದೆಯಂತೆ ನಮ್ಮ ಒಂಟಾರಿಯೊ ಪ್ರಾಂತ್ಯದ ಶಾಲಾ ಮಂಡಳಿಗಳು ಈ ವಿಷಯದಲ್ಲಿ ಕಟ್ಟುನಿಟ್ಟಿನ ನೀತಿ ಹೊಂದಿರಲೇಬೇಕು. ಮಗು ಬರೆದ ಒಂದು ಶುಭಾಶಯ ಪತ್ರ ಕಳಿಸಿ, ಎಳ್ಳು ಬೀರುವುದನ್ನು ಸಂಘದ ಸಂಕ್ರಾಂತಿ ಕೂಟಕ್ಕೆ ಇಟ್ಟುಕೊಳ್ಳಿ.

ಮಗು ಮಾತು ಕಡಿಮೆ ಮಾಡಿದರೆ, ಹೊಟ್ಟೆನೋವೆಂದು ಪದೇ ಪದೇ ಶಾಲೆ ತಪ್ಪಿಸಿದರೆ, ರಿಪೋರ್ಟ್ ಕಾರ್ಡ್ ಬರುವವರೆಗೆ ಕಾಯದೆ ಶಿಕ್ಷಕರಿಗೆ ತಿಳಿಸಿ. ಶಾಲೆಯ ಸಮಾಜ ಕಾರ್ಯಕರ್ತರನ್ನು ಕಾಣಲು ಹಣ ಕೊಡಬೇಕಿಲ್ಲ, ಹಲವು ಶಾಲೆಗಳಲ್ಲಿ ಹೊಸ ವಲಸಿಗರಿಗೆಂದೇ ನೇಮಕಗೊಂಡ, ಇಲ್ಲಿ ನೆಲೆಯೂರಲು ನೆರವಾಗುವ ಕಾರ್ಯಕರ್ತರೂ ಇರುತ್ತಾರೆ. ದೊಡ್ಡವರಲ್ಲಿ ಮಂಕುತನ ಎರಡು ವಾರ ಮೀರಿದರೆ ಕುಟುಂಬ ವೈದ್ಯರಲ್ಲಿಗೋ, ಅವರಿಲ್ಲದಿದ್ದರೆ ಮೊದಲೇ ಸಮಯ ಗೊತ್ತುಮಾಡದೆ ಹೋಗಬಹುದಾದ ವಾಕ್‌–ಇನ್ ಕ್ಲಿನಿಕ್ಕಿಗೋ ಹೋಗಿ. ನೀವು ಹೇಳಿದ್ದನ್ನು ವೈದ್ಯರು ನಿಮ್ಮ ಒಪ್ಪಿಗೆಯಿಲ್ಲದೆ ನೀವು ಕೆಲಸ ಮಾಡುವ ಕಚೇರಿಗೆ ತಿಳಿಸುವಂತಿಲ್ಲ. ನಾಲ್ಕು ಜನಕ್ಕೆ ಗೊತ್ತಾದರೆ ಎಂಬ ಅಂಜಿಕೆಯಿಂದಲೇ ನಮ್ಮವರು ತಡಮಾಡುವುದನ್ನು ಕಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ. ವೈದ್ಯರು ಬರೆದುಕೊಟ್ಟರೆ ಮನೋವೈದ್ಯರ ಭೇಟಿಯ ಖರ್ಚನ್ನು ಒಹಿಪ್ (ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ) ಭರಿಸುತ್ತದೆ. ಸೂಪರ್ ವೀಸಾದ ಹಿರಿಯರಿಗೆ ಒಹಿಪ್ ಇಲ್ಲದ ಕಾರಣ ಅವರ ವಿಮೆಯಲ್ಲಿ ಮಾನಸಿಕ ಆರೋಗ್ಯ ಸೇರಿದೆಯೇ ಎಂದು ಈಗಲೇ ಓದಿಟ್ಟುಕೊಳ್ಳಿ.

ಬದುಕೇ ಬೇಡವೆಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ಅದನ್ನು ಕೋಪದ ಮಾತೆಂದು ಬಿಡಬೇಡಿ. ಆತ್ಮಹತ್ಯೆ ತಡೆಯ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ತಕ್ಷಣದ ಅಪಾಯವಿದ್ದರೆ ತುರ್ತು ಸೇವೆಯ 911ಕ್ಕೆ ಕರೆ ಮಾಡಿ. ಮಕ್ಕಳು ತಾವಾಗಿಯೇ ಮಾತನಾಡಬಹುದಾದ ಕಿಡ್ಸ್ ಹೆಲ್ಪ್ ಫೋನ್ ಸಂಖ್ಯೆ 1-800-668-6868. ಅದನ್ನು ಫ್ರಿಜ್ ಬಾಗಿಲಿನ ಮೇಲೆ, ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿಡಿ.