ಕೆಳಗೆ ಹಾರುವಾಗ ತಂತಿ ಹುಡುಕಬೇಡಿ, ಕಂಬ ಹುಡುಕಿ

ಸಣ್ಣ ವಿಮಾನಗಳು ಕರೆಂಟ್ ತಂತಿಗೆ ಸಿಕ್ಕಿಕೊಳ್ಳುವುದು ಮಂಜಿನಲ್ಲೋ ಕತ್ತಲಲ್ಲೋ ಅಂದುಕೊಂಡಿದ್ದೀರಾ? ಜಾಸ್ತಿ ಆಗುವುದು ಹಾಡುಹಗಲಲ್ಲೇ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿ 2001ರಿಂದ 2010ರವರೆಗಿನ ಇಂಥ ಘಟನೆಗಳನ್ನು ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚು ಪೈಲಟ್‌ಗಳಿಗೆ ಅಲ್ಲಿ ತಂತಿ ಇದೆ ಅಂತ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೋಗಿ ಬಡಿದರು.

ಕಾರಣ ನಮ್ಮ ಕಣ್ಣು. ಹಳೆಯ ತಂತಿ ಬಣ್ಣಗೆಟ್ಟು ಹಿಂದಿನ ಹೊಲ, ಮರಗಳ ಜೊತೆ ಬೆರೆತುಹೋಗುತ್ತದೆ. ಬೆಳಕಿನ ಕೋನ ಸ್ವಲ್ಪ ಬದಲಾದರೂ ಈಗ ಕಂಡದ್ದು ಮಾಯ. ಕಂಡರೂ ಎಷ್ಟು ದೂರ ಅಂತ ಹೇಳುವುದು ಕಷ್ಟ. ಮೇಲೊಂದು ಕೆಳಗೊಂದು ತಂತಿ ಇದ್ದರೆ ಮೇಲಿನದು ದೂರದಲ್ಲಿದ್ದಂತೆ ಕಾಣುತ್ತದೆ. 100 ನಾಟ್ ವೇಗ ಅಂದರೆ ಸೆಕೆಂಡಿಗೆ ಸುಮಾರು 50 ಮೀಟರ್. 200 ಮೀಟರ್ ದೂರದಲ್ಲಿ ತಂತಿ ಕಂಡರೆ ನೋಡಿ, ತೀರ್ಮಾನಿಸಿ, ವಿಮಾನ ತಿರುಗಿಸಲು ಇರುವುದು ನಾಲ್ಕೇ ಸೆಕೆಂಡ್.

ಹಾಗಾಗಿ ಮೊದಲ ಕೆಲಸ, ಕೆಳಗೆ ಹಾರಲು ಇಳಿಯುವ ಮುಂಚೆ ಮೇಲಿನಿಂದ ನೋಡುವುದು. ಕನಿಷ್ಠ 500 ಅಡಿ ಮೇಲೆ ಇದ್ದುಕೊಂಡು ಜಾಗವನ್ನು ಒಂದು ಸುತ್ತು ಹಾಕಿ, ಬೇರೆ ಬೇರೆ ದಿಕ್ಕಿನಿಂದ ನೋಡಿ. ಒಂಟಿ ಮನೆ ಇದೆಯಾ, ಪಂಪ್ ಶೆಡ್ ಇದೆಯಾ? ಅಲ್ಲಿಗೆ ಕರೆಂಟ್ ಎಲ್ಲಿಂದಲೋ ಬರಲೇಬೇಕಲ್ವಾ, ಆ ಲೈನ್ ಸಿಗುವವರೆಗೆ ಕೆಳಗೆ ಬರಬೇಡಿ. ಕಾಡಿನ ನಡುವೆ ಉದ್ದಕ್ಕೆ ಮರ ಕಡಿದ ಪಟ್ಟಿ ಕಂಡರೆ ಅದೂ ಲೈನ್‌ನ ದಾರಿಯೇ ಇರಬಹುದು. ನಕ್ಷೆಯನ್ನು ನೋಡಿ, ಆದರೆ ಪೂರ್ತಿ ನಂಬಬೇಡಿ. ಅದರಲ್ಲಿ ಇರುವುದು ಹೆಚ್ಚಾಗಿ ದೊಡ್ಡ ಲೈನ್‌ಗಳು ಮಾತ್ರ.

ಆಮೇಲೆ ಕಂಬ ಓದುವುದು. ಇದೇ ಮುಖ್ಯ. ಕಂಬದ ತಲೆಯ ಮೇಲಿನ ಅಡ್ಡಪಟ್ಟಿ ಯಾವ ದಿಕ್ಕಿಗಿದೆ ನೋಡಿ, ಸಾಮಾನ್ಯವಾಗಿ ತಂತಿ ಅದಕ್ಕೆ ಅಡ್ಡಲಾಗಿ ಹೋಗುತ್ತದೆ. ಎರಡು ದಿಕ್ಕಿಗೆ ಅಡ್ಡಪಟ್ಟಿಗಳಿದ್ದರೆ ಇನ್ನೊಂದು ಲೈನ್ ಕವಲೊಡೆದಿದೆ ಅಂತ ಅನುಮಾನಿಸಿ. ನೆಲಕ್ಕೆ ಎಳೆದು ಕಟ್ಟಿದ ಸ್ಟೇ ತಂತಿ ಕಂಡರೆ ಲೈನ್ ಅಲ್ಲಿ ತಿರುಗುತ್ತದೆ ಅಥವಾ ಮುಗಿಯುತ್ತದೆ. ಒಂದು ತಂತಿ ಸಿಕ್ಕಿತು ಅಂತ ಸಮಾಧಾನಪಡುವ ಹೊತ್ತಿನಲ್ಲೇ ಎರಡನೆಯದಕ್ಕೆ ಬಡಿಯುವುದು.

ಲೈನ್ ದಾಟುವುದಾದರೆ ಎರಡು ಕಂಬಗಳ ನಡುವೆ ಬೇಡ, ಟವರ್‌ನ ನೆತ್ತಿಯ ಮೇಲೆಯೇ ದಾಟಿ. ಹೈಟೆನ್ಷನ್ ಲೈನ್‌ಗಳಲ್ಲಿ ದಪ್ಪ ತಂತಿಗಳ ಮೇಲೆ, ಟವರ್‌ನ ತುದಿಯಿಂದ ತುದಿಗೆ, ತೆಳುವಾದ ಅರ್ಥ್ ವೈರ್ ಇರುತ್ತದೆ. ದಪ್ಪ ತಂತಿ ತಪ್ಪಿಸಲು ಮೇಲೇರಿದವರು ಸಿಕ್ಕಿಬೀಳುವುದು ಇದಕ್ಕೇ. ಟವರ್ ಕಣ್ಣಿಗೆ ಕಾಣುತ್ತದೆ, ಅದರ ತುದಿಗಿಂತ ಮೇಲಿದ್ದರೆ ಅರ್ಥ್ ವೈರ್‌ಗಿಂತಲೂ ಮೇಲಿದ್ದೀರಿ.

ಕಣಿವೆಯಲ್ಲಂತೂ ಈ ಉಪಾಯವೂ ಕೈಕೊಡಬಹುದು. ತಂತಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಜಿಗಿದಿರುತ್ತದೆ, ಕಂಬಗಳು ಎರಡೂ ಕಡೆ ಮರಗಳಲ್ಲಿ ಅಡಗಿರುತ್ತವೆ. ಗುಡ್ಡದ ತಲೆಗಿಂತ ಕೆಳಗೆ ಸುಮ್ನೆ ನದಿ ನೋಡಿಕೊಂಡು ಹಾರುವ ಆಸೆ ಬಿಟ್ಟುಬಿಡಿ. ಎತ್ತರದ ಟಿವಿ, ರೇಡಿಯೋ ಟವರ್‌ಗಳ ಸ್ಟೇ ತಂತಿ 1,500 ಅಡಿ ದೂರದವರೆಗೂ ಚಾಚಿರಬಹುದು. ಕನಿಷ್ಠ 2,000 ಅಡಿ ದೂರದಿಂದ ಹೋಗಿ ಅನ್ನುತ್ತದೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ.

ಎಂಜಿನ್ ನಿಂತು ಇಳಿಯಲೇಬೇಕಾಗಿ ಬಂದರೆ? ರಸ್ತೆ ಚೆನ್ನಾಗಿ ಕಾಣುತ್ತದೆ, ಆದರೆ ಪಕ್ಕದಲ್ಲೇ ಲೈನ್ ಇರುವ ಸಂಭವ ಜಾಸ್ತಿ. ಹೊಲದ ಅಂಚಿನ ಕಂಬಗಳನ್ನು ಎತ್ತರ ಇರುವಾಗಲೇ ಹುಡುಕಿ. ತಂತಿ ದಾಟಿಸಲು ಕೊನೆ ಗಳಿಗೆಯಲ್ಲಿ ಮೂಗು ಎತ್ತಿ ವೇಗ ಕಳೆದುಕೊಂಡರೆ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಗಳು ಎತ್ತಿಹಿಡಿಯುವ ಬಲ ಕಳೆದುಕೊಂಡು, ಬೀಳುತ್ತದೆ.

ತಂತಿಗೆ ತಗುಲಿಯೂ ಹಾರುತ್ತಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಹತ್ತಿರದಲ್ಲಿ ಸುರಕ್ಷಿತವಾಗಿ ಇಳಿಯಿರಿ. ತಂತಿ ಸುತ್ತಿಕೊಂಡು ನೆಲಕ್ಕೆ ಬಂದಿದ್ದರೆ, ಬೆಂಕಿ ಇಲ್ಲದಿದ್ದಲ್ಲಿ ಒಳಗೇ ಕೂತಿರಿ. ಇಳಿಯಲೇಬೇಕೆಂದರೆ ಎರಡೂ ಕಾಲು ಜೋಡಿಸಿ ಹೊರಗೆ ಹಾರಿ; ವಿಮಾನವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬೇಡಿ, ಪಾದ ಎತ್ತದೆ ಸರಿಯುತ್ತಾ ದೂರ ಹೋಗಿ. ಟ್ರಿಪ್ ಆದ ಲೈನ್ ತಾನಾಗಿಯೇ ಮತ್ತೆ ಚಾಲೂ ಆಗಬಹುದು, ಅದಕ್ಕೇ ವಿದ್ಯುತ್ ಕಂಪನಿಯವರು ಲೈನ್ ಆಫ್ ಆಗಿದೆ ಅನ್ನುವವರೆಗೆ ಯಾರನ್ನೂ ಹತ್ತಿರ ಬಿಡಬೇಡಿ.