ಜ್ವರ ವಿಚಾರಿಸುವ ಮೊದಲು ಕೇಳಿದ ಪ್ರಶ್ನೆ

2020ರ ಮಾರ್ಚ್ ಕೊನೆಯ ವಾರದಲ್ಲಿ ಲಾಕ್‌ಡೌನ್ ಜಾರಿಯಾದಾಗ ನಾನು ಕುಮಟಾದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದೆ. ನಮ್ಮದೇ ಜಿಲ್ಲೆಯ ಭಟ್ಕಳದಲ್ಲಿ ಆಗಲೇ ಕೊರೊನಾ ಸೋಂಕು ಕಾಣಿಸಿಕೊಂಡಿದ್ದರಿಂದ ಬಾಗಿಲಲ್ಲೇ ಪ್ರತಿಯೊಬ್ಬ ರೋಗಿಗೂ ಜ್ವರ, ಕೆಮ್ಮು, ಗೋವಾ ಅಥವಾ ಮುಂಬೈ ಪ್ರಯಾಣದ ವಿಚಾರಣೆ ನಡೆಯುತ್ತಿತ್ತು. ಆ ವಿಚಾರಣೆ ಅಗತ್ಯವೇ ಆಗಿತ್ತಾದರೂ, ಪಾರ್ಶ್ವವಾಯುವಿನಿಂದ ಬಂದವರ ಪಾಲಿಗೆ ಅಲ್ಲಿ ಕಳೆದ ಪ್ರತಿ ನಿಮಿಷವೂ ಮೆದುಳಿನ ನಷ್ಟವಾಗಿತ್ತು.

ಮೆದುಳಿನ ರಕ್ತನಾಳವನ್ನು ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮುಂದಿನ ಚಿಕಿತ್ಸೆಗೆ ನಮ್ಮ ಕಡೆಯವರು ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಹೋಗುವವರು. ಕಾರವಾರದವರಿಗೆ ಗೋವಾ ಹತ್ತಿರ, ಆದರೆ ಆ ದಿನಗಳಲ್ಲಿ ಮಾಜಾಳಿಯ ಗಡಿ ದಾಟುವುದೇ ದುಸ್ತರವಾಗಿತ್ತು. ಹೀಗಾಗಿ ಬಾಗಿಲ ಬಳಿಯ ನಮೂನೆಯ ಮೊದಲ ಸಾಲನ್ನೇ ನಾನು ಬದಲಾಯಿಸಿದೆ. ‘ಇವರು ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’ ಎಂದು ಕೇಳಿ, ಉತ್ತರ ಬರೆದುಕೊಂಡ ಮೇಲೆಯೇ ಜ್ವರದ ಮಾತು.

ಎಷ್ಟೋ ಸಲ ಸಿಗುತ್ತಿದ್ದ ಉತ್ತರ ‘ನಿನ್ನೆ’ ಎಂಬುದಾಗಿತ್ತು. ಗದ್ದೆ ಕೆಲಸ ಮಾಡುವ ಹಿರಿಯರೊಬ್ಬರನ್ನು ಕರೆತಂದ ಸೊಸೆ, “ನಿನ್ನೆ ಬೆಳಗ್ಗೆಯೇ ಮಾವನ ಮಾತು ತೊದಲ್ತಾ ಇತ್ತು ಡಾಕ್ಟ್ರೇ, ಆಸ್ಪತ್ರೆಗೆ ಹೋದ್ರೆ ಕೊರೊನಾ ಅಂತ ಹೇಳಿ ಇಟ್ಕೊಂಡು ಬಿಡ್ತಾರೆ ಅಂತ ಅವರೇ ಬೇಡ ಅಂದ್ರು” ಎಂದರು. ಸಾಂಕ್ರಾಮಿಕದ ಮೊದಲ ಅಲೆಯಲ್ಲಿ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಪಾರ್ಶ್ವವಾಯು ದಾಖಲಾತಿ ಕಡಿಮೆಯಾದದ್ದು ವರದಿಯಾಗಿದೆ. ರೋಗವೇ ಕಡಿಮೆಯಾಗಿತ್ತೆಂದು ನಾನು ನಂಬುವುದಿಲ್ಲ. ಕೊರೊನಾ ಸೋಂಕು ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸಿ ಪಾರ್ಶ್ವವಾಯುವಿಗೆ ತಾನೇ ಕಾರಣವಾಗಬಲ್ಲದು.

ಆ ಹಿರಿಯರ ಮಾಸ್ಕ್ ಕೆಳಗಿಳಿಸಿದಾಗ ಬಲಗಡೆಯ ತುಟಿ ಜೋತುಬಿದ್ದು ಜೊಲ್ಲಿನಿಂದ ಬಟ್ಟೆ ಒದ್ದೆಯಾಗಿತ್ತು. ಬಾಯಿ ಸೊಟ್ಟಗಾಗುವುದು ಮನೆಯವರು ಮೊದಲು ಗುರುತಿಸುವ ಲಕ್ಷಣ. ಮಾಸ್ಕ್ ಅದನ್ನೇ ಮುಚ್ಚುತ್ತಿತ್ತು. ಹಾಗಾಗಿ ಎನ್‌-95 ಮಾಸ್ಕ್ ಮತ್ತು ಮುಖದ ಗುರಾಣಿ ಧರಿಸಿದ ಒಬ್ಬರು ರೋಗಿಯ ಮಾಸ್ಕ್ ಇಳಿಸಿ, ‘ಹಲ್ಲು ತೋರಿಸಿ’ ಎಂದು ಹೇಳಿ ನೋಡುವುದನ್ನು ಕಡ್ಡಾಯ ಮಾಡಿದೆವು. ಅಷ್ಟೆಲ್ಲ ಹೊದ್ದುಕೊಂಡ ನಮ್ಮ ಮಾತು ರೋಗಿಗೆ ಅಸ್ಪಷ್ಟವಾಗಿ ಕೇಳಿಸುತ್ತಿತ್ತು, ಅದರಲ್ಲೂ ಮನೆಯಲ್ಲಿ ಕೊಂಕಣಿ ಆಡುವ ವಯಸ್ಸಾದವರಿಗೆ. ಕಿವಿಗೆ ಬೀಳದ ಮಾತನ್ನು ಪಾಲಿಸದವರಿಗೆ ಮಾತಿನ ಗ್ರಹಿಕೆಯೇ ಹೋಗಿದೆಯೆಂದು ತೀರ್ಮಾನಿಸಬಾರದೆಂದು, ‘ಕಣ್ಣು ಮುಚ್ಚಿ’, ‘ಕೈ ಎತ್ತಿ’ ಎಂಬ ಸೂಚನೆಗಳನ್ನು ಜೊತೆಗೆ ಬಂದವರಿಂದಲೇ ಹೇಳಿಸುತ್ತಿದ್ದೆ.

ಗಂಟಲು ದ್ರವದ ವರದಿಗಾಗಿ ಕಾಯದೆ ಎಲ್ಲರನ್ನೂ ಸೋಂಕಿತರೆಂದೇ ಭಾವಿಸಿ ನೇರವಾಗಿ ಸ್ಕ್ಯಾನ್ ಕೋಣೆಗೆ ಕಳುಹಿಸುತ್ತಿದ್ದೆವು. ಅನುಮಾನವಿದ್ದವರಿಗೆ ತಲೆಯ ಜೊತೆ ಎದೆಯ ಸ್ಕ್ಯಾನ್ ಕೂಡ ಆಗುತ್ತಿತ್ತು. ರಕ್ತಸ್ರಾವವಿದ್ದರೆ ಅದನ್ನು ಹೆಚ್ಚಿಸೀತೆಂದು, ಸ್ಕ್ಯಾನ್ ಆಗುವವರೆಗೆ ಆಸ್ಪಿರಿನ್ ಕೊಡುತ್ತಿರಲಿಲ್ಲ. ಆಂಬುಲೆನ್ಸ್ ಹೊರಡುವ ಮೊದಲೇ ಮಣಿಪಾಲಕ್ಕೆ ಫೋನ್ ಮಾಡಿ ಸಮಯ ತಿಳಿಸುತ್ತಿದ್ದೆವು.

ಮೂರ್ಛೆ ರೋಗದವರ ಕಷ್ಟ ಬೇರೆ ಬಗೆಯದಾಗಿತ್ತು. ಬಸ್ಸಿಲ್ಲದೆ ಮಾತ್ರೆ ಮುಗಿದವರು ದಿನ ಬಿಟ್ಟು ದಿನ ನುಂಗಿ, ಫಿಟ್ಸ್ ನಿಲ್ಲದ ಸ್ಥಿತಿಯಲ್ಲಿ ಬರುತ್ತಿದ್ದರು; ಜ್ವರ ಬಂದರಂತೂ ಅಪಾಯ ಇನ್ನೂ ಹೆಚ್ಚು. ದೂರವೈದ್ಯಕೀಯದ ಮಾರ್ಗಸೂಚಿ 2020ರ ಮಾರ್ಚ್ 25ರಂದು ಬಂದದ್ದರಿಂದ, ಹಳೆಯ ರೋಗಿಗಳಿಗೆ ಫೋನಿನಲ್ಲೇ ವಿಚಾರಿಸಿ ಚೀಟಿ ಕಳುಹಿಸಲು ಸಾಧ್ಯವಾಯಿತು. ಮಯಸ್ತೇನಿಯಾ ಎಂಬ, ಸ್ನಾಯುಗಳು ಬೇಗ ಸೋಲುವ ಕಾಯಿಲೆ ಇದ್ದವರಿಗೆ ಮಾತ್ರ, ಯಾರು ಹೇಳಿದರೂ ಹೈಡ್ರಾಕ್ಸಿಕ್ಲೋರೋಕ್ವಿನ್ ಆಗಲಿ ಅಜಿತ್ರೋಮೈಸಿನ್ ಆಗಲಿ ನಮ್ಮನ್ನು ಕೇಳದೆ ನುಂಗಬೇಡಿ ಎಂದು ಫೋನಿನಲ್ಲಿ ಒತ್ತಿ ಹೇಳುತ್ತಿದ್ದೆ. ಎರಡೂ ಸ್ನಾಯುಗಳ ನಿಶ್ಶಕ್ತಿಯನ್ನು ಉಲ್ಬಣಿಸಬಲ್ಲವು. ಆಗ ಕೊರೊನಾಕ್ಕೆ ಮದ್ದೆಂದು ಪ್ರತಿ ಔಷಧ ಅಂಗಡಿಯಲ್ಲೂ ಜನ ಕೇಳುತ್ತಿದ್ದದ್ದು ಅವನ್ನೇ.

ಘಟ್ಟದ ಮೇಲಿನಿಂದ, ಅದರಲ್ಲೂ ಸಿದ್ದಾಪುರದ ಕಡೆಯಿಂದ, ಜ್ವರದೊಂದಿಗೆ ಗೊಂದಲದ ಮಾತಾಡುತ್ತ ಬಂದವರಲ್ಲಿ ಕೊರೊನಾ ಒಂದನ್ನೇ ಹುಡುಕಿದರೆ ಸಾಲದಾಗಿತ್ತು. ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ ಕಾಣಿಸುತ್ತದೆ, ಕೆಲವರಲ್ಲಿ ಜ್ವರ ಬಿಟ್ಟು ಮತ್ತೆ ಬಂದಾಗ ತಲೆನೋವು, ನಡುಕ, ಬುದ್ಧಿಭ್ರಮೆ ತರುತ್ತದೆ. ಕಾಡಿಗೆ ಸೊಪ್ಪಿಗೆ ಹೋಗಿದ್ದರೇ, ಸುತ್ತಮುತ್ತ ಮಂಗ ಸತ್ತಿತ್ತೇ ಎಂದು ಕೇಳಿ, ಎರಡಕ್ಕೂ ಮಾದರಿ ಕಳುಹಿಸಿ, ಕತ್ತು ಬಿಗಿದಿದ್ದರೆ ಮೆದುಳುಪೊರೆಯ ಸೋಂಕಿಗೆ ಬೇಕಾದ ಆಂಟಿಬಯಾಟಿಕ್ ಮತ್ತು ವೈರಸ್ ವಿರುದ್ಧದ ಔಷಧ ಅಸೈಕ್ಲೋವಿರ್ ಅನ್ನು ಕೂಡಲೇ ಆರಂಭಿಸುತ್ತಿದ್ದೆವು. ಬೇಡವಾದದ್ದನ್ನು ವರದಿ ಬಂದ ಮೇಲೆ ನಿಲ್ಲಿಸುತ್ತಿದ್ದೆವು.